ಏಳನೇ ನಂಬರಿನ ಬ್ಯಾಸ್ಕೆಟ್

“ನಿನ್ನ ಕಣ್ಣಿಗೆ ಮಣ್ಣು ಬಿದ್ದಿತ್ತಾ?” ಬ್ಯಾಸ್ಕೆಟ್‌ಬಾಲ್ ಕೋಚ್ ತನ್ನ ರೂಲ್ ಪುಸ್ತಕವನ್ನು ಕೋರ್ಟಿನ ಬದಿಯ ಬೆಂಚಿನ ಮೇಲೆ ರಪ್ಪನೆ ಬಿಸಾಡಿದಳು. “ನನ್ನ ಟೀಮಿನ ಹುಡುಗಿ ಚೆಂಡು ಎಸೆಯೋಕೆ ಮೇಲೆದ್ದ ಮೇಲೆ ಕೈಗೆ ಹೊಡೆದ್ರು. ಆದ್ರೂ ಬ್ಯಾಸ್ಕೆಟ್ ಬಿತ್ತು. ಅದನ್ನ ರದ್ದು ಮಾಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?”

“ಮೆಲ್ಲಗೆ ಮಾತಾಡೇ. ಹೊರಗೆ ಜನ ಇದ್ದಾರೆ.”

“ಇರಲಿ ಬಿಡು! ಜನಕ್ಕೆ ಹೆದರಿ ಹೆದರಿಯೇ ನೀನು ಇಷ್ಟುದ್ದ ಬೆಳೆದಿರೋದು.”

ರೆಫರಿ ಶೂ ದಾರ ಬಿಚ್ಚಿದ. ಬಿಚ್ಚಿದ್ದನ್ನೇ ಮತ್ತೆ ಕಟ್ಟಿದ. ಹದಿನೆಂಟು ವರ್ಷ ಸೀಟಿ ಊದಿದವನು ಈ ಒಬ್ಬಳ ಮುಂದೆ ಶೂ ನೋಡುತ್ತಾ ಕೂತಿದ್ದ. ಸಿಟ್ಟು ಬಂದರೆ ಅವಳ ಕಿವಿಯ ತುದಿ ಕೆಂಪಾಗುತ್ತದೆ. ಅದನ್ನು ನೋಡಲೆಂದೇ ಎಷ್ಟೋ ಸಲ ಕೆಣಕಿದ್ದ. ಇವತ್ತು ತಲೆಯೆತ್ತುವ ಧೈರ್ಯವಿರಲಿಲ್ಲ.

ಭಾನುವಾರ ಅವನ ಅಕ್ಕನ ಮನೆಯಲ್ಲಿ ಇಬ್ಬರ ಮದುವೆಯ ದಿನ ಗೊತ್ತು ಮಾಡುವುದಿತ್ತು.

ಎಸೆಯಲು ಮೇಲೆದ್ದ ಮೇಲೆ ಏಟು ಬಿದ್ದರೆ ಬ್ಯಾಸ್ಕೆಟ್ ಲೆಕ್ಕಕ್ಕೆ, ಜೊತೆಗೆ ಯಾರೂ ತಡೆಯದ ಒಂದು ಎಸೆತ, ಫ್ರೀ ಥ್ರೋ. ಪ್ರೀತಿ ಶುರುವಾದದ್ದೂ ಈ ನಿಯಮದಿಂದಲೇ. ಎರಡು ವರ್ಷದ ಹಿಂದೆ ಕ್ಯಾಂಟೀನಿನಲ್ಲಿ ಅವಳು ಟೀ ಲೋಟ ಬಾಯಿಗೆತ್ತುವಾಗ ಅವನು ಅವಳ ಮಣಿಕಟ್ಟು ತಟ್ಟಿದ್ದ.

“ಲೋಟ ಎತ್ತಿ ಆಗಿತ್ತು, ಆಮೇಲೆ ತಡೆದೆ. ಹಾಗಾಗಿ ಈ ಗುಟುಕು ನಿಮ್ಮದೇ.”

“ಜಾಕೆಟ್ ಮೇಲೆ ಚೆಲ್ಲಿದ್ದು?”

“ಅದಕ್ಕೆ ಒಂದು ಫ್ರೀ ಥ್ರೋ.”

“ಹಾಗಿದ್ರೆ ಇನ್ನೊಂದು ಟೀ ಹೇಳಿ, ಸೀಟಿ ಸಾಹೇಬ್ರೇ.” ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು. ಅಲ್ಲಿಗೆ ಅವನ ಕಥೆ ಮುಗಿದಿತ್ತು.

“ಸೀಟಿ ಸಾಹೇಬ್ರೇ.” ಈಗ ಬೆಂಚಿನ ಬಳಿ ಅವಳ ದನಿ ಇಳಿದಿತ್ತು. ಕೂಗಿದ್ದೇ ವಾಸಿ ಅನ್ನಿಸಿತು ಅವನಿಗೆ. “ನಿಜ ಹೇಳು. ಏಟಿಗೆ ಮುಂಚೆನೇ ಅವಳು ಮೇಲೆದ್ದಿದ್ದು ಕಂಡಿತ್ತೋ ಇಲ್ಲವೋ?”

ಕಂಡಿತ್ತು. ಆದರೆ ಮ್ಯಾಚಿಗೆ ಮುಂಚೆ ಸ್ಕೋರ್ ಬರೆಯುವವನು ಎಲ್ಲರೆದುರು ಹಲ್ಲು ಕಿರಿದಿದ್ದ: “ಇವತ್ತು ಮನೆಯವರ ಟೀಮು! ಸೀಟಿ ಸಿಹಿಯಾಗಿ ಊದ್ತೀರಿ ಬಿಡಿ.” ಆ ಮಾತು ಮುಳ್ಳಿನಂತೆ ಕೂತಿತ್ತು. ಕೊನೆಗೆ ಅವಳ ಟೀಮ್ ಒಂದು ಪಾಯಿಂಟ್ ಹಿಂದೆ, ನಾಲ್ಕು ಸೆಕೆಂಡ್ ಬಾಕಿ. ಏಳನೇ ನಂಬರಿನ ಹುಡುಗಿ ಮೇಲೆದ್ದಳು, ಏಟು ಬಿತ್ತು, ಚೆಂಡು ಬಲೆಯಲ್ಲಿ ಇಳಿಯಿತು. ಅವನ ಕೈಗಳು ಎದೆಯ ಮುಂದೆ ಅಡ್ಡಡ್ಡ ಬೀಸಿದವು: ಏಟು ಮೊದಲೇ ಬಿತ್ತು, ಬ್ಯಾಸ್ಕೆಟ್ ಇಲ್ಲ. ಅವಳ ಟೀಮ್ ಅದೇ ಒಂದು ಪಾಯಿಂಟಿನಿಂದ ಸೋತಿತು.

“ಕಂಡಿತ್ತು,” ಎಂದ. “ಬೇರೆ ಯಾರ ಟೀಮ್ ಆಗಿದ್ರೂ ಕೊಡ್ತಿದ್ದೆ. ನಿಂದು ಅಂತ... ಜನ ಏನಂತಾರೋ ಅಂತ... ನೀನಂದ್ರೆ ನನಗೆ ಪ್ರಾಣ ಕಣೇ.”

“ಗೊತ್ತು. ಅದಕ್ಕೇ ಭಯ ಆಗ್ತಿದೆ. ನಾಳೆ ಯಾರೋ ನಕ್ಕರೆ, ನನ್ನನ್ನೂ ಹೀಗೇ ಕೈ ಬೀಸಿ ಇಲ್ಲ ಅಂದುಬಿಡ್ತೀಯ.”

“ತಪ್ಪು ನಂದು ಅಂತ ಈಗಲೇ ಕಮಿಟಿಗೆ ಬರೆದುಕೊಡ್ತೀನಿ.”

“ಕೊಡು. ಆ ಹುಡುಗಿ ಡ್ರೆಸ್ಸಿಂಗ್ ರೂಮಲ್ಲಿ ಅಳ್ತಾ ಕೂತಿದ್ದಾಳೆ, ಅವಳಿಗೋಸ್ಕರ ಕೊಡು. ನನಗೋಸ್ಕರ ಬೇಡ.”

ಅವನ ಕೊರಳಲ್ಲಿ ತಿರುಚಿಕೊಂಡಿದ್ದ ಸೀಟಿಯ ದಾರವನ್ನು, ಪ್ರತಿ ಮ್ಯಾಚಿನ ನಂತರ ಮಾಡುವಂತೆ, ನೇರ ಮಾಡಿದಳು. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟಳು.

“ಭಾನುವಾರ ಬರ್ತೀಯಲ್ಲ?”

ಖಾಲಿ ಕೋರ್ಟಿನ ಮರದ ನೆಲದ ಮೇಲೆ ಅವಳ ಶೂಗಳ ಕಿರುಗುಟ್ಟುವಿಕೆ ಬಾಗಿಲವರೆಗೂ ಒಂದೇ ಸಮನೆ ಕೇಳಿಸಿತು.

ಭಾನುವಾರ ಅಕ್ಕ ಮೂರು ಲೋಟ ಟೀ ತಂದಿಟ್ಟಳು. ಒಂದು ಆರಿ ಕೆನೆಗಟ್ಟಿತು. ಸಂಜೆವರೆಗೂ ಅದನ್ನು ಯಾರೂ ಎತ್ತಲಿಲ್ಲ.