ಏಳನೇ ಪ್ರಶ್ನೆಯ ಒಂದೇ ತಪ್ಪು

ಸೋಮವಾರ ಬೆಳಿಗ್ಗೆ ಶಶಿಕುಮಾರ್ ಗಂಗರತ್ನಮ್ಮನವರ ಬಾಗಿಲಿಗೆ ಬಂದಾಗ ಅವನ ಮುಖ ಬಿಳುಚಿಕೊಂಡಿತ್ತು.

"ಅಮ್ಮಾ, ನಾನು ಸುಳ್ಳು ಲೆಕ್ಕ ತೋರಿಸ್ಬುಟ್ಟೆ ಅಂತಾವ್ರೆ. ಹನ್ನೊಂದು ಗಂಟೆಗೆ ಮೀಟಿಂಗು. ಕೆಲಸದಿಂದ ತೆಗೆದಾಕ್ತಾರೆ."

"ಮೊದ್ಲು ಕೂತ್ಕೊಳ್ಲಾ. ನೀರು ಕುಡಿ. ಆಮೇಲೆ ಒಂದೊಂದಾಗಿ ಹೇಳು," ಎಂದರು ಗಂಗರತ್ನಮ್ಮ.

ಮೂವತ್ತೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಆಕೆಗೆ ಬರೆದವರಾರು, ನಕಲು ಹೊಡೆದವರಾರು ಎಂಬುದು ನೋಡಿದೊಡನೆ ಗೊತ್ತಾಗುತ್ತಿತ್ತು. ನಿವೃತ್ತರಾದ ಮೇಲೆ ಹೊಸೂರಿನ ಜನ ಕಳೆದುಹೋದ ಸರಕ್ಕೂ ಕಳ್ಳ ಸಹಿಗೂ ಅವರ ಮನೆಗೇ ಬರುತ್ತಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದ ಕೋಮಲಾ ಅಂಥ ಮೂರು ಪತ್ತೆಗಳಲ್ಲಿ ಅವರ ಬೆನ್ನಿಗಿದ್ದಳು. ಈ ಸಲ ಮಾತ್ರ ಪಕ್ಕದಲ್ಲೇ ಕೂತಿದ್ದ ಅವಳಿಗೆ ತಲೆ ಎತ್ತಲಾಗಲಿಲ್ಲ. ಶಶಿಕುಮಾರನನ್ನು ಸಿಕ್ಕಿಸಿದ ಸುದ್ದಿ ಕಚೇರಿಗೆ ಮುಟ್ಟಿಸಿದವಳು ಅವಳೇ.

ಅಂಚೆಟ್ಟಿಯ ಬೆಟ್ಟದ ಕನ್ನಡ ಶಾಲೆಗಳಿಗೆ ಟ್ಯಾಬ್ಲೆಟ್‌ನಲ್ಲಿ ಗಣಿತ ಕಲಿಸುವ ಸಣ್ಣ ಸಂಸ್ಥೆಯೊಂದಕ್ಕೆ ಅವಳು ಪಾಠ ಸಿದ್ಧಪಡಿಸುತ್ತಿದ್ದಳು. ಒಂದು ಶಾಲೆಯ ಹದಿನೆಂಟು ಮಕ್ಕಳಿಗೆ ಗುರುವಾರ ಹನ್ನೊಂದಕ್ಕೆ ಭಿನ್ನರಾಶಿಯ ಪರೀಕ್ಷೆ ಎಂದು ನಿಗದಿಯಾಗಿತ್ತು. ಶನಿವಾರ ಸಂಜೆ ಫಲಿತಾಂಶ ಬಂತು. ಹದಿನೆಂಟು ಮಕ್ಕಳಿಗೂ ಹತ್ತಕ್ಕೆ ಒಂಬತ್ತು! ಎಲ್ಲರೂ ತಪ್ಪಿದ್ದು ಏಳನೇ ಪ್ರಶ್ನೆಯೊಂದನ್ನೇ. ಆ ಪಾಠವೇ ಸರಿಯಿಲ್ಲವೆಂದುಕೊಂಡ ಕೋಮಲಾ ಭಾನುವಾರವೆಲ್ಲ ಅದನ್ನು ಹೊಸದಾಗಿ ಮಾಡುತ್ತ ಕೂತಿದ್ದಳು. ಮಧ್ಯಾಹ್ನ ಆ ಶಾಲೆಯ ಮೇಷ್ಟ್ರು ಮುನೀಶ್ ಫೋನು ಮಾಡಿದರು.

"ಮೇಡಂ, ಆನೆ ಬಂದು ಬುಧವಾರದಿಂದ ಸ್ಕೂಲು ಮುಚ್ಚಿತ್ತು. ಪರೀಕ್ಷೆ ಯಾವತ್ತು ಇಡನಾ?"

ಕೋಮಲಾ ಗಾಬರಿಯಿಂದ ಯೋಜನೆಯ ಮುಖ್ಯಸ್ಥ ಗೋಪಿನಾಥನಿಗೆ ತಿಳಿಸಿದಳು. ಅವನು ಬೊಟ್ಟು ಮಾಡಿದ್ದು ಶಾಲೆಗಳಿಗೆ ಟ್ಯಾಬ್ಲೆಟ್ ಒಯ್ದು ತರುವ ಶಶಿಕುಮಾರನತ್ತ.

"ಟ್ಯಾಬ್ಲೆಟ್ ಪೆಟ್ಟಿಗೆ ನಿನ್ನ ಕೈಗೆ ಬಂದಿದ್ದು ಯಾವಾಗ?" ಗಂಗರತ್ನಮ್ಮ ಕೇಳಿದರು.

"ಶುಕ್ರವಾರ ಸಂಜೆ. ಫಾರೆಸ್ಟ್‌ನೋರು ಆನೆ ಐತೆ ಅಂತ ರಸ್ತೇಲೇ ತಡೆದ್ರು. ಬೀಗ ಹಾಕಿದ್ ಸ್ಕೂಲಲ್ಲಿ ಇಡೋದು ಬ್ಯಾಡ ಅಂತ ಮುನೀಶ್ ಮೇಷ್ಟ್ರು ಅಂಚೆಟ್ಟಿಗೇ ತಂದ್ಕೊಟ್ರು. ರಾತ್ರಿ ನಮ್ಮನೇಲೇ ಇತ್ತು. ಶನಿವಾರ ಆಫೀಸಿಗೆ ಹೋದಾಗ ಗೋಪಿನಾಥ್ ಸಾರ್ ಊಟಕ್ಕೆ ಹೋಗಿದ್ರು. ಟೇಬಲ್ ಮೇಲಿಟ್ಟು ಬಂದೆ."

"ಸ್ಕೂಲು ಮುಚ್ಚಿದ್ದು ಅವರಿಗೆ ಹೇಳಿದ್ಯಾ?"

"ಸಿಗಲೇ ಇಲ್ವಲ್ಲಮ್ಮ."

ಗಂಗರತ್ನಮ್ಮ ಕೋಮಲಾಳ ಕಡೆ ತಿರುಗಿದರು. "ಏಳನೇ ಪ್ರಶ್ನೆ ಏನಮ್ಮ?"

"ಅರ್ಧಕ್ಕೆ ಕಾಲು ಸೇರಿದರೆ ಎಷ್ಟು ಅಂತ. ಎಲ್ಲರೂ ಒಂದೂವರೆ ಅಂತ ಒತ್ತಿದ್ದಾರೆ."

"ಬೆಟ್ಟದ ಮಕ್ಕಳು ಮುಕ್ಕಾಲು ಅನ್ನೋದು ಮರೆತ್ರಾ? ಒಬ್ಬಿಬ್ರು ತಪ್ಪಬಹುದು. ಹದಿನೆಂಟು ಜನಕ್ಕೂ ಒಂದೇ ತಪ್ಪು ಬಂದ್ರೆ ಅದು ಮಕ್ಕಳ ತಪ್ಪಲ್ಲ. ನೆನಪು ಮಾಡ್ಕೊ, ಆ ಒಂದೂವರೆ ಇನ್ನೆಲ್ಲಾದ್ರೂ ಇತ್ತಾ?"

ಕೋಮಲಾ ತಲೆ ಎತ್ತಿದಳು. ಹೌದು, ಇತ್ತು. ಬರೆದವಳೂ ಅವಳೇ.

ಹನ್ನೊಂದಕ್ಕೆ ಎಲ್ಲರೂ ಕಚೇರಿಯಲ್ಲಿ ಸೇರಿದರು. ಸಂಸ್ಥೆಯ ಅಧ್ಯಕ್ಷೆ ಉಷಾರಾಣಿ ಕೃಷ್ಣಗಿರಿಯಿಂದ ಬಂದಿದ್ದರು. ಮುನೀಶ್ ಮೊದಲ ಬಸ್ಸಿಗೇ ಇಳಿದಿದ್ದರು.

"ಟ್ಯಾಬ್ಲೆಟ್ ರಾತ್ರಿಯೆಲ್ಲ ಇವನ ಮನೇಲಿತ್ತು. ಇನ್ನೇನು ಸಾಕ್ಷಿ ಬೇಕು ಮೇಡಂ?" ಎಂದ ಗೋಪಿನಾಥ್.

ಗಂಗರತ್ನಮ್ಮ ನಿಧಾನವಾಗಿ ಎದ್ದರು.

"ಉತ್ತರ ಒತ್ತಿದ ಹೊತ್ತು ಗುರುವಾರ ಹನ್ನೊಂದು ಅಂತ ತೋರಿಸ್ತಿದೆ. ಗಡಿಯಾರ ಹಿಂದಕ್ಕೆ ತಿರುಗಿಸೋಕೆ ಯಾರಿಗಾದ್ರೂ ಬರುತ್ತೆ. ಆದ್ರೆ ಆ ದಿನ ಶಾಲೆಗೆ ಬೀಗ ಬಿದ್ದಿತ್ತು ಅಂತ ಮುನೀಶನಿಗೆ ಗೊತ್ತಿತ್ತು, ಶಶಿಕುಮಾರನಿಗೂ ಗೊತ್ತಿತ್ತು. ಗೊತ್ತಿದ್ದೂ ಅದೇ ದಿನ ಹಾಕೋರು ದಡ್ಡರು. ಹಾಕಿದೋರಿಗೆ ಆನೆ ಸಮಾಚಾರವೇ ತಿಳಿದಿರಲಿಲ್ಲ."

ಅವರು ಕೋಮಲಾಳನ್ನು ಮುಂದಕ್ಕೆ ಕರೆದರು.

"ಇನ್ನು ಏಳನೇ ಪ್ರಶ್ನೆ. ಕೋಮಲಾ, ನೀನೇ ಹೇಳು."

ಕೋಮಲಾ ಎದ್ದು ನಿಂತಳು. "ನಾನು ಮೊದಲು ಮಾಡಿದ ಉತ್ತರಪಟ್ಟಿಯಲ್ಲಿ ಏಳಕ್ಕೆ ಒಂದೂವರೆ ಅಂತ ತಪ್ಪು ಬರೆದಿದ್ದೆ. ಮರುದಿನ ಕಣ್ಣಿಗೆ ಬಿತ್ತು. ಟ್ಯಾಬ್ಲೆಟ್‌ನಲ್ಲಿ ತಿದ್ದಿದೆ, ತಿದ್ದಿದ ಪಟ್ಟಿಯನ್ನೇ ಮುನೀಶ್ ಅವರಿಗೆ ಕಳಿಸಿದೆ. ಶಶಿಕುಮಾರ್‌ಗೆ ಯಾವ ಪಟ್ಟಿಯನ್ನೂ ಕೊಟ್ಟಿಲ್ಲ."

ಮುನೀಶ್ ಜೇಬಿನಿಂದ ಹಾಳೆ ತೆಗೆದು ಬಿಡಿಸಿದರು. ಏಳರ ಮುಂದೆ ಮುಕ್ಕಾಲು ಎಂದಿತ್ತು.

"ತಪ್ಪಿದ್ದ ಪಟ್ಟಿ ಯಾರಿಗೆ ಹೋಗಿತ್ತು?" ಉಷಾರಾಣಿ ಕೇಳಿದರು.

"ಒಪ್ಪಿಗೆಗೆ ಅಂತ ಒಬ್ಬರಿಗೇ. ತಿದ್ದಿದ್ದನ್ನೂ ಅವರಿಗೆ ಕಳಿಸಿದ್ದೆ. ಅವರು ತೆರೆದು ನೋಡಿರಲಿಲ್ಲ ಅನ್ಸುತ್ತೆ."

ಎಲ್ಲರ ಕಣ್ಣೂ ಗೋಪಿನಾಥನ ಮೇಲೆ ನಿಂತವು. ಉಷಾರಾಣಿ ಕೈ ಚಾಚಿದರು. ಅವನು ತನ್ನ ಫೈಲನ್ನು ಅವರ ಮುಂದೆ ಸರಿಸಿದ. ಏಳರ ಮುಂದೆ ಒಂದೂವರೆ ಇತ್ತು.

"ಬುಧವಾರ ದಾನಿಗಳು ಬರ್ತಾರೆ," ಎಂದ ಗೋಪಿನಾಥ್, ದನಿ ಕುಗ್ಗಿಸಿ. "ಶನಿವಾರ ತೆಗೆದು ನೋಡಿದ್ರೆ ಎಲ್ಲಾ ಖಾಲಿ. ಮೇಷ್ಟ್ರು ಉದಾಸೀನ ಮಾಡ್ಬುಟ್ಟವ್ರೆ ಅಂದ್ಕೊಂಡೆ. ಫಲಿತಾಂಶ ಇಲ್ದಿದ್ರೆ ಹನ್ನೊಂದು ಶಾಲೆ ಪಾಠ ನಿಂತೋಗುತ್ತೆ ಅಂತ ನಾನೇ ಒತ್ತಿದೆ."

"ಪಾಠ ನಿಲ್ಲಬಾರದು ಅಂತ ಒಬ್ಬ ಹುಡುಗನ ಅನ್ನ ಕಿತ್ಕೊಳ್ಳೋಕೆ ಹೊರಟ್ಯಲ್ಲಪ್ಪ," ಎಂದರು ಗಂಗರತ್ನಮ್ಮ. ಗೋಪಿನಾಥ್ ಶಶಿಕುಮಾರನ ಮುಖ ನೋಡಲಾರದೆ ತಲೆ ತಗ್ಗಿಸಿದ. ಅಂದೇ ಉಷಾರಾಣಿ ಅವನನ್ನು ಯೋಜನೆಯಿಂದ ಬಿಡಿಸಿದರು.

ಮಂಗಳವಾರ, ಆನೆ ಹೋಗಿ ಶಾಲೆ ತೆರೆದ ಮೇಲೆ, ಕೋಮಲಾ ಶಶಿಕುಮಾರನ ಬೈಕಿನಲ್ಲಿ ಬೆಟ್ಟ ಹತ್ತಿದಳು. ದಾರಿಯಲ್ಲಿ ಕ್ಷಮೆ ಕೇಳಿದಳು. "ಬುಡಿ ಮೇಡಂ, ನೀವು ನಿಜಾನೇ ಹೇಳಿದ್ರಿ," ಎಂದ ಅವನು.

ಈ ಸಲ ನಿಜವಾದ ಪರೀಕ್ಷೆ ನಡೆಯಿತು. ಅವಳು ಮಕ್ಕಳ ಪಕ್ಕದಲ್ಲೇ ಚಾಪೆ ಮೇಲೆ ಕೂತು ಬೆರಳು ಎಲ್ಲಿ ತಡವರಿಸುತ್ತದೆಂದು ನೋಡಿದಳು. ಅರ್ಧ ಸೇರು, ಕಾಲು ಸೇರು ಎಂದರೆ ಥಟ್ಟನೆ ಉತ್ತರ ಕೊಡುವ ಮಕ್ಕಳು ಗೆರೆಯ ಮೇಲೊಂದು ಕೆಳಗೊಂದು ಅಂಕಿ ಕಂಡೊಡನೆ ದಿಕ್ಕು ತಪ್ಪುತ್ತಿದ್ದರು. ಅಳತೆಯ ಪಾತ್ರೆಗೂ ಅಂಕಿಗೂ ನಡುವೆ ಇರಬೇಕಾದ ಮೆಟ್ಟಿಲನ್ನೇ ಅವಳ ಪಾಠ ಹಾರಿಬಿಟ್ಟಿತ್ತು. ಹತ್ತಕ್ಕೆ ಐದು ದಾಟಿದವರು ಏಳೇ ಮಂದಿ.

ಬುಧವಾರ ದಾನಿಗಳ ಮುಂದೆ ಏಳೇ ಮಂದಿ ದಾಟಿದ ಆ ಫಲಿತಾಂಶವನ್ನೇ ಇಟ್ಟಳು. ಎಲ್ಲಿ ತಪ್ಪಿದೆ, ಹೇಗೆ ತಿದ್ದುತ್ತೇನೆ ಎಂದು ತೋರಿಸಿದಳು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು, "ತಿದ್ದೋಕೆ ಎಷ್ಟು ದಿನ ಬೇಕು?" ಎಂದರು.

"ಮೂರು ವಾರ ಕೊಡಿ," ಎಂದಳು ಕೋಮಲಾ. "ಆಮೇಲೆ ನೀವೇ ಬೆಟ್ಟಕ್ಕೆ ಬನ್ನಿ. ಪರೀಕ್ಷೆ ನಿಮ್ಮೆದುರಿಗೇ ನಡೆಯಲಿ."