ಭಾನುವಾರದ ಜಾವಾ

ದೂರು ಠಾಣೆಗೆ ಬಂದದ್ದು 2003ರ ಫೆಬ್ರವರಿ 10, ಸೋಮವಾರ ಸಂಜೆ. ದೂರುದಾರರು ವ್ಯಾಸರಾಜ ಕಟ್ಟಿ, ಬ್ಯಾಂಕ್ ಅಧಿಕಾರಿ, ಮೂಲತಃ ಧಾರವಾಡದವರು. ಕಳುವಾದದ್ದು 1971ರ ಕೆಂಪು ಜಾವಾ ಮೋಟಾರ್ ಸೈಕಲ್.

ಇನ್‌ಸ್ಪೆಕ್ಟರ್ ರುದ್ರಪ್ಪ ಬಿರಾಜದಾರ ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ನೌಕರಿಯೆಲ್ಲ ಮರಾಠಿ. ಗಾಬರಿಯಲ್ಲಿ ವ್ಯಾಸರಾಜರ ಮರಾಠಿ ತೊದಲಿದಾಗ ಅವರೇ ಕನ್ನಡಕ್ಕೆ ತಿರುಗಿದರು.

"ಆರಾಮ ಕೂಡ್ರಿ. ಯಾವಾಗ ಹೋತು?"

"ಮಧ್ಯಾಹ್ನ, ನಾ ಬ್ಯಾಂಕಿನ್ಯಾಗ ಇದ್ದೆ. ಮನಿಯವ್ರು ಸೀತಾಬರ್ಡಿ ಪ್ಯಾಟಿಗೆ ಹೋಗಿದ್ರು. ಬಂದು ನೋಡಿದ್ರ ಶೆಡ್ಡು ಖಾಲಿ."

ಹವಾಲ್ದಾರ್ ವಾನಖೇಡೆ ಎಫ್ಐಆರ್ ಬರೆದುಕೊಂಡ. ಮೂವತ್ತು ವರ್ಷದ ಹಳೆಯ ಗಾಡಿಗೆ ಇಷ್ಟು ಸಂಕಟವೇ ಎಂಬ ನಗೆ ಅವನ ಮೀಸೆಯಡಿ ಆಡುತ್ತಿತ್ತು.

ಮರುದಿನ ಬೆಳಿಗ್ಗೆ ಸ್ಥಳ ಪಂಚನಾಮೆಗೆ ಹೋದಾಗ ಆ ನಗೆ ಇಂಗಿತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಟ್ಟು ಬಿಚ್ಚುವ ಪಾನೆಗಳು ಅಳತೆಯ ಪ್ರಕಾರ ಗೋಡೆಗೆ ತೂಗಿದ್ದವು. ಗುಜರಿಯಿಂದ ತಂದ ತುಕ್ಕಿನ ಮುದ್ದೆಯನ್ನು ವ್ಯಾಸರಾಜ ಮೂರು ವರ್ಷ ಕೂತು ಗಾಡಿ ಮಾಡಿದ್ದರು. ಟ್ಯಾಂಕಿನ ತಗ್ಗುಗಳನ್ನು ತಾವೇ ತಟ್ಟಿ ಸರಿಪಡಿಸಿದ್ದರು, ಅಸಲಿ ಸೈಲೆನ್ಸರಿಗಾಗಿ ಜಬಲ್ಪುರದವರೆಗೆ ಹೋಗಿದ್ದರು. ಕಳೆದ ದೀಪಾವಳಿಗೆ ಮುಂಚೆ ಇಂಜಿನ್ ಮೊದಲ ಸಲ ಹತ್ತಿದಾಗ ತಾವು ಅತ್ತದ್ದನ್ನು ಹೇಳಲು ಅವರಿಗೆ ನಾಚಿಕೆಯಾಗಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅದರ ಮೇಲೊಂದು ಸುತ್ತು ಹೋಗಿಬರುವುದು ಅವರ ನೇಮ.

ರುದ್ರಪ್ಪ ನೆಲವನ್ನು, ಬಾಗಿಲನ್ನು ನೋಡಿದರು. ಬಾಗಿಲಿಗೆ ಬರೀ ಚಿಲಕ. ಕತ್ತರಿಸಿದ ವೈರಿನ ತುಂಡಿಲ್ಲ, ಎಳೆದಾಡಿದ ಗುರುತಿಲ್ಲ.

ಗೇಟಿನ ಕಾವಲುಗಾರ ಹೇಳಿದ: "ಹೆಲ್ಮೆಟ್ ಹಾಕಿದ ತೆಳ್ಳನೆಯ ಹುಡುಗ ಸಾಹೇಬ್. ಕಾರ್ಬೊರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಿದ. ಒಂದೇ ಕಿಕ್. ಕಟ್ಟಿ ಸಾಹೇಬರ ದೋಸ್ತ ಅಂದುಕೊಂಡು ಸಲಾಮು ಹೊಡೆದೆ."

ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರು. ಹೊಸಬರು ಅದರ ಜೊತೆ ಗುದ್ದಾಡಿ ಸೋಲುತ್ತಾರೆ. ಬಂದವರಿಗೆ ಗಾಡಿ ಗೊತ್ತಿತ್ತು, ಕೈಯಲ್ಲಿ ಕೀಲಿಯೂ ಇತ್ತು.

ಮೊದಲ ಅನುಮಾನ ಗಾಡಿಗೆ ಹೊಸ ಕೀಲಿ ಮಾಡಿಕೊಟ್ಟಿದ್ದ ಇತವಾರಿ ಪೇಟೆಯವನ ಮೇಲೆ ಹೋಯಿತು. ಅವನು ಮಾಡಿದ್ದ ಎರಡೂ ಕೀಲಿಗಳು ವ್ಯಾಸರಾಜರ ಬಳಿಯೇ ಸಿಕ್ಕವು. ಆಮೇಲೆ ಹಳೆಯ ಗಾಡಿಗಳ ಹುಚ್ಚಿದ್ದ ವ್ಯಾಸರಾಜರ ಗೆಳೆಯರ ಸರದಿ. ಸದರ್, ಕಾಮಠಿ, ಉಮರೇಡ್ ಎಂದು ಅವರ ಶೆಡ್ಡುಗಳನ್ನು ಒಂದೊಂದಾಗಿ ನೋಡಿದ್ದಾಯಿತು. ಏನೂ ಸಿಗಲಿಲ್ಲ. ಹೀಗೆಯೇ ಫೆಬ್ರವರಿ ಮುಗಿಯಿತು.

"ಬಿಟ್ಟುಬಿಡೋಣ ಸಾಹೇಬ್. ಬಿಡಿಭಾಗ ಮಾಡಿ ಮಾರಿರುತ್ತಾರೆ," ಎಂದ ವಾನಖೇಡೆ.

"ಮಾರುವವನಿಗೆ ಕೀಲಿ ಯಾಕೆ ಬೇಕು? ಟೆಂಪೋ ತರುತ್ತಿದ್ದ," ಎಂದರು ರುದ್ರಪ್ಪ. ಉತ್ತರ ಸಿಗದ ಪ್ರಶ್ನೆಯೊಂದು ಹಲ್ಲಿನ ಸಂದಿಯ ಎಳೆಯಂತೆ ಅವರನ್ನು ಕಾಡುತ್ತಿತ್ತು. ಮಾರ್ಚ್ 4ರ ಮಂಗಳವಾರ ವ್ಯಾಸರಾಜರನ್ನು ಮತ್ತೆ ಕರೆಸಿದರು.

"ಕೀಲಿ ಮಾಡಿಸಿದ್ರಿ. ಗಾಡಿ ಬೀಗ?"

"ಬೀಗ ಅಸಲೀದ ಇಟ್ಟೇನ್ರಿ. ಅಸಲಿ ಸಾಮಾನು ಬದಲಿ ಮಾಡಬಾರದು."

"ಹಂಗಾದ್ರ ಹಳೇ ಕೀಲಿ ಎಲ್ಲೆ?"

"ಗುಜರಿಯವ ಕೊಡಲಿಲ್ರಿ. ಅವ್ನೂ ಪೊಲೀಸ್ ಹರಾಜಿನ್ಯಾಗ ತಗೊಂಡಿದ್ದ. ಯಾವುದೋ ಅಪಘಾತದ ಗಾಡಿ."

"ಮೊದಲಿನ ಮಾಲೀಕ?"

"ಕಾಗದದಾಗ ಗಿರಿಧರ ಹೊಸಮನಿ ಅಂತ ಇತ್ತು. ನಮ್ಮ ಕಡೆ ಹೆಸರು ಅಂತ ಖುಷಿ ಆಗಿತ್ರಿ."

"ಹೋಗಿ ಭೆಟ್ಟಿ ಆಗಿದ್ರೇನು?"

ವ್ಯಾಸರಾಜ ತಲೆಯಾಡಿಸಿದರು. "ಇಲ್ಲ. ಗಾಡಿ ಕೆಲಸದಾಗ ಅದು ಹೊಳೀಲೇ ಇಲ್ಲ."

ವಿಳಾಸ ಅಜನಿಯ ರೈಲ್ವೆ ಕ್ವಾರ್ಟರ್ಸಿನದಾಗಿತ್ತು. ತಂದೆ ಹೊಸಮನಿಯವರು ರೈಲ್ವೆಯಿಂದ ನಿವೃತ್ತರಾದ ಮೇಲೆ ತೀರಿಕೊಂಡರು, ಹೆಂಡತಿ ಮಗಳು ಬೇರೆ ಮನೆ ಮಾಡಿದ್ದಾರೆ ಎಂದು ಅಲ್ಲಿಯವರು ಹೇಳಿದರು. ಮಗ ಗಿರಿಧರ ಏಳು ವರ್ಷದ ಹಿಂದೆ ಉಮರೇಡ್ ರಸ್ತೆಯಲ್ಲಿ ಕಲ್ಲಿದ್ದಲ ಲಾರಿಗೆ ಸಿಕ್ಕು ಸತ್ತಿದ್ದ. ಹೊಸ ಮನೆಯಿದ್ದ ಗಲ್ಲಿ ವ್ಯಾಸರಾಜರ ಮನೆಯಿಂದ ಎರಡು ತಿರುವಿನಾಚೆ.

ಬಾಗಿಲು ತೆರೆದವರು ತಾಯಿ ಅನಸೂಯ. ಕನ್ನಡ ಕೇಳಿ ಮುಖ ಅರಳಿತು. "ಬರ್ರಿ ಸಾಹೇಬ್ರ, ಚಾ ಮಾಡ್ತೀನಿ. ಗಿರಿ ಗಾಡಿ ತಗೊಂಡು ಹೋಗ್ಯಾನ, ಬರೋ ಹೊತ್ತಾತು."

ರುದ್ರಪ್ಪನವರ ಕಣ್ಣು ಗೋಡೆಗೆ ಹೋಯಿತು. ಇಪ್ಪತ್ತೈದರ ಯುವಕನ ಫೋಟೋ, ಅದಕ್ಕೆ ಗಂಧದ ಹಾರ. ಚಹಾ ಬಂದಾಗ ತೆಗೆದುಕೊಂಡು ಕುಡಿದರು.

ಸಂಜೆಯ ಬಿಸಿಲಿರುವಾಗಲೇ ಮಗಳು ರಂಜನಿ ಆಫೀಸಿನಿಂದ ಬಂದಳು. ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತೆ, ತೆಳ್ಳನೆಯ ಮೈಕಟ್ಟು. ಸಮವಸ್ತ್ರ ಕಂಡವಳು ಗಾಬರಿಯಾಗಲಿಲ್ಲ. "ಹೊರಗ ಮಾತಾಡೋಣ್ರಿ," ಎಂದಳು.

ಗೇಟಿನ ಬಳಿ ರುದ್ರಪ್ಪ ಕೇಳಿದರು: "ಜಾವಾ ಓಡ್ಸಾಕ ಬರ್ತೈತೇನವಾ?"

"ಬರ್ತೈತ್ರಿ. ಅಣ್ಣ ಕಲಿಸಿದ್ದ."

"ಗಾಡಿ ಎಲ್ಲೈತಿ?"

"ಕನ್ಹಾನದಾಗ, ಗೆಳತಿ ಮನಿ ಶೆಡ್ಡಿನ್ಯಾಗ. ಊರಿಗೆ ಹೋಗುವಾಗ ಆಕಿ ಚಾವಿ ಕೊಟ್ಟಿದ್ಲು. ಆಕೀಗೆ ಏನೂ ಗೊತ್ತಿಲ್ಲ."

"ಯಾಕ ಒಯ್ದಿ?"

ರಂಜನಿ ಒಳಬಾಗಿಲ ಕಡೆ ನೋಡಿದಳು. "ಅಣ್ಣ ಹೋದದ್ದು ಅವ್ವಗ ಒಂದಿನ ನೆನಪಿರ್ತೈತಿ, ಒಂದಿನ ಇರಂಗಿಲ್ಲ. ಆ ಗಾಡಿ ಸಪ್ಪಳ ಕೇಳಿದ್ರ ಅವತ್ತು ಇರಂಗೇ ಇಲ್ಲ. ಐತಾರ ಮಧ್ಯಾಹ್ನ ಊಟಕ್ಕ ಕುಂತಾಗ ಅದು ಬರೋದು. ಎಂಜಲ ಕೈಲೆ ಗೇಟಿಗೆ ಓಡ್ತಾಳ. ಗಿರಿ ಬಂದ ಮ್ಯಾಲೆ ಉಣ್ತೀನಂತ ಸಂಜೀತನಕ ಬಿಸಿಲಾಗ ನಿಲ್ತಾಳ. ಎರಡು ಸಲ ಬಿದ್ದಾಳ. ನಂಬರ್ ನೋಡಿದೆ, ಅಣ್ಣನ ಗಾಡೀನ. ಅಪ್ಪ ಬ್ಯಾಡ ಅಂತ ಠಾಣೆದಾಗ ಬಿಟ್ಟದ್ದು."

"ಕಟ್ಟಿಯವರಿಗೆ ಹೇಳಬೇಕಿತ್ತು."

"ಹೇಳೀನ್ರಿ. ಅವ್ವಗ ಸಪ್ಪಳ ಆಗಂಗಿಲ್ಲ, ಬ್ಯಾರೆ ರಸ್ತಾಲೆ ಹೋಗ್ರಿ ಅಂದೆ. 'ಇದು ಸಪ್ಪಳ ಅಲ್ಲಮ್ಮ, ಸಂಗೀತ, ರೂಢಿ ಆಗ್ತದ' ಅಂದು ನಕ್ಕರು. ನಕ್ಕವರ ಮುಂದ ಅಣ್ಣ ಸತ್ತಾನಂತ ಹೇಳಾಕ ಬಾಯಿ ಬರಲಿಲ್ಲ. ಮನ್ಯಾಗ ಹಳೇ ಕೀಲಿ ಇತ್ತು."

ಒಂದು ಗಳಿಗೆ ರುದ್ರಪ್ಪನವರಿಗೆ ಸುಮ್ಮನೆ ಹೊರಟುಹೋಗಬೇಕು ಅನಿಸಿತು. ಗಾಡಿ ವಾಪಸು ಕೊಡಿಸಿ ಕಡತ ಮುಚ್ಚಿದರೆ ಕೇಳುವವರಾರು? ಆದರೆ ಹಾಗೆ ಮುಚ್ಚಿದ ಕಡತ ಅವರ ನೌಕರಿಯಲ್ಲಿ ಒಂದೂ ಇರಲಿಲ್ಲ.

"ನಾಳೆ ಮುಂಜಾನೆ ಬರ್ತೀವಿ. ಅವ್ವನ ಹತ್ರ ಯಾರನ್ನಾದರೂ ಕುಂಡ್ರಿಸು," ಎಂದರು.

ಬುಧವಾರ ಬೆಳಿಗ್ಗೆ ಮಹಿಳಾ ಪೇದೆಯೊಂದಿಗೆ ಹೋದಾಗ ರಂಜನಿ ಸಿದ್ಧಳಾಗಿ ನಿಂತಿದ್ದಳು. ಪಕ್ಕದ ಮನೆಯ ದಮಯಂತಿ ಅನಸೂಯರ ಬಳಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಎಲ್ಲಿಗವಾ?"

"ಕೆಲಸ ಐತಿ ಅವ್ವಾ. ನೀ ಟೈಮಿಗೆ ಊಟ ಮಾಡು."

ಕನ್ಹಾನದ ಶೆಡ್ಡಿನಲ್ಲಿ ಪಂಚರ ಸಮಕ್ಷಮ ಗಾಡಿ ಜಪ್ತಿಯಾಯಿತು. ಮೇಲೆ ಹಳೆಯ ಕೌದಿ ಹೊದಿಸಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಗುರುತಿಸಲು ಬಂದ ವ್ಯಾಸರಾಜ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತೇ ರುದ್ರಪ್ಪನವರಿಂದ ಎಲ್ಲ ಕೇಳಿದರು. ಆಮೇಲೆ ಜೀಪಿನ ಬಳಿ ಹೋಗಿ ಒಳಗೆ ಕೂತಿದ್ದವಳಿಗೆ, "ನಾ ಸರಿಯಾಗಿ ಕೇಳ್ಕೋಬೇಕಿತ್ತು, ತಂಗಿ," ಎಂದರು.

"ಕೇಸ್ ವಾಪಸ್ ತಗೋತೀನ್ರಿ," ಎಂದರು ವ್ಯಾಸರಾಜ, ರುದ್ರಪ್ಪನವರತ್ತ ತಿರುಗಿ.

"ಅದನ್ನ ಕೋರ್ಟಿನ್ಯಾಗ ಹೇಳ್ರಿ. ರಾಜಿಗೆ ದಾರಿ ಐತಿ. ನನ್ನ ಕೆಲಸ ನಾ ಮಾಡಬೇಕು."

ಆರೋಪಿಯ ದಸ್ತಗಿರಿ ಬೆಳಿಗ್ಗೆ 11.20ಕ್ಕೆ ದಾಖಲಾಯಿತು. ಮಧ್ಯಾಹ್ನವೇ ಆಕೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ವ್ಯಾಸರಾಜ ಜಾಮೀನಿಗೆ ತಾವೇ ನಿಂತರು.

ಠಾಣೆಗೆ ಮರಳಿದ ಮೇಲೆ ಕೇಸ್ ಡೈರಿ ಬರೆಯುತ್ತಿದ್ದ ವಾನಖೇಡೆ ಪೆನ್ನು ಎತ್ತಿದ. "ಕಳವಿನ ಉದ್ದೇಶ ಏನು ಬರೆಯಲಿ ಸಾಹೇಬ್? ಮಾರಾಟವೆ, ಸ್ವಂತ ಬಳಕೆಯೆ?"

"ಎರಡೂ ಅಲ್ಲ," ಎಂದರು ರುದ್ರಪ್ಪ. ಆಮೇಲೆ ನಿಧಾನವಾಗಿ ಹೇಳಿ ಬರೆಸಿದರು: "ಭಾನುವಾರ ಮಧ್ಯಾಹ್ನ ತಾಯಿ ಊಟ ಮಾಡಲಿ ಎಂದು ಒಯ್ದಿದ್ದಾರೆ. ಕಳೆದ ಮೂರು ಭಾನುವಾರ ತಾಯಿ ಊಟ ಮಾಡಿದ್ದಾರೆ."