ಲಕೋಟೆ ಒಡೆಯುವವರೆಗೆ

"ಮುಟ್ಟಬೇಡಿ!"

ಲ್ಯಾಬ್ ಟೆಕ್ನಿಷಿಯನ್ ಆದ ಅವಳು ಕಿರುಚಿದ ರಭಸಕ್ಕೆ ಹೊಸ ಡಾಕ್ಟರನ ಕೈ ಗಾಳಿಯಲ್ಲೇ ನಿಂತಿತು. ಆ ಪುಟ್ಟ ಸೀಸೆಯಲ್ಲಿದ್ದದ್ದು ಕ್ಯಾನ್ಸರ್ ತರಿಸುವ ರಾಸಾಯನಿಕ. ಇಲಿಗಳ ಜೊಲ್ಲುಗ್ರಂಥಿಯಲ್ಲಿ ಅದು ಬೆಳೆಸುವ ಗಡ್ಡೆಯನ್ನು ಹೊಸ ಔಷಧವೊಂದು ತಡೆಯುತ್ತದೆಯೇ ಎಂದು ನೋಡುವುದು ಆ ಲ್ಯಾಬಿನ ಕೆಲಸ.

"ಗ್ಲೌಸ್ ಇಲ್ದೆ ನುಗ್ಗೋಕೆ ಇದೇನು ನಿಮ್ಮ ಅತ್ತೆ ಮನೆನಾ?"

ಅವನು ನಕ್ಕುಬಿಟ್ಟ. "ಅತ್ತೆ ಮನೆ ಇನ್ನೂ ಸಿಕ್ಕಿಲ್ಲ, ಮೇಡಂ."

ಅಂದಿನಿಂದ ದಿನಾ ಜೊತೆಯಲ್ಲೇ ಟೀ. ಗ್ರಂಥಿಯನ್ನು ತೆಳ್ಳಗೆ ಕತ್ತರಿಸಿ ಸ್ಲೈಡ್ ಮಾಡುವವಳು ಅವಳು. ಮೈಕ್ರೋಸ್ಕೋಪಿನಲ್ಲಿ ನೋಡಿ ಗಡ್ಡೆ ಇದೆಯೋ ಇಲ್ಲವೋ ಹೇಳುವವನು ಅವನು. ಯಾವ ಇಲಿಗೆ ಔಷಧ ಕೊಟ್ಟಿದೆ ಎಂಬುದು ಅವನಿಗೆ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಅದಕ್ಕೇ ಸ್ಲೈಡಿನ ಮೇಲೆ ಬರೀ ನಂಬರು. ಗುಟ್ಟು ಗೊತ್ತಿದ್ದದ್ದು ನಂಬರು ಹಾಕಿದ ಅವಳಿಗೊಬ್ಬಳಿಗೇ. ಯಾವ ನಂಬರಿನ ಇಲಿಗೆ ಔಷಧ ಕೊಟ್ಟಿದೆ ಎಂಬ ಪಟ್ಟಿ, ಬಾಯಿ ಅಂಟಿಸಿದ ಲಕೋಟೆಯೊಂದರಲ್ಲಿ ಭದ್ರವಾಗಿತ್ತು.

ಹದಿನೇಳನೇ ಸ್ಲೈಡಿನ ದಿನ, "ಇದಕ್ಕೆ ಗಡ್ಡೆ ಇದೆ" ಎಂದು ಅವನು ತಲೆಯೆತ್ತಿ ಅವಳನ್ನು ನೋಡಿದ. ಅಷ್ಟೇ! ಮರುದಿನದಿಂದ ಟೀಗೆ ಬರಲಿಲ್ಲ. ಎದುರು ಸಿಕ್ಕರೆ ನೆಲ ನೋಡಿಕೊಂಡು ಹೋದ. ಕೊನೆಗೆ 'ಸ್ಲೈಡಿನ ಟ್ರೇ ಹೊರಗೇ ಇಡಿ' ಎಂದು ಬಾಗಿಲಿಗೆ ಚೀಟಿ ಬೇರೆ.

ಮೂರು ವಾರ! 'ನಾನೇನು ಮಾಡಿದೆ...? ನನ್ನ ಮುಖ ನೋಡೋಕೂ ಇಷ್ಟ ಇಲ್ವಾ?' ಅವಳಿಗೆ ಊಟ ಸೇರಲಿಲ್ಲ. ಬೇರೆ ವಿಭಾಗಕ್ಕೆ ವರ್ಗ ಕೇಳಿ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡಳು.

ಕೊನೆಯ ಸ್ಲೈಡೂ ಮುಗಿದ ಮೇಲೆ ಲ್ಯಾಬಿನ ಮುಖ್ಯಸ್ಥೆ ಲಕೋಟೆ ಒಡೆದರು. ಔಷಧ ಪಡೆದ ಇಪ್ಪತ್ತು ಇಲಿಗಳಲ್ಲಿ ಗಡ್ಡೆ ಐದಕ್ಕೆ ಮಾತ್ರ. ಪಡೆಯದ ಇಪ್ಪತ್ತರಲ್ಲಿ ಹದಿನಾರಕ್ಕೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಪತ್ರ ಹಿಡಿದು ಮುಖ್ಯಸ್ಥೆಯ ಕೋಣೆಯತ್ತ ನಡೆದಳು. ಅವನು ಅಡ್ಡ ಬಂದ.

"ಒಂದ್ನಿಮಿಷ..."

"ಮೂರು ವಾರ ಇಲ್ಲದ್ದು ಈಗ್ಯಾಕೆ?"

"ಹದಿನೇಳಕ್ಕೆ ಗಡ್ಡೆ ಇದೆ ಅಂದಾಗ ನಿಮ್ಮ ಮುಖ ಬಾಡೋಯ್ತು. ಅದು ಔಷಧ ಕೊಟ್ಟ ಇಲಿ ಅಂತ ಆಗ್ಲೇ ಗೊತ್ತಾಯ್ತು ನಂಗೆ. ಅದನ್ನ ಬೇರೆಯವರ ಕೈಲಿ ಓದಿಸ್ದೆ. ಉಳಿದದ್ದಾದ್ರೂ ಕೆಡಬಾರ್ದಲ್ವಾ? ಅದಕ್ಕೇ ನಿಮ್ಮ ಮುಖ ನೋಡ್ಲಿಲ್ಲ."

"ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀವು ಮುಖ ಬಿಗಿ ಮಾಡ್ಕೊಂಡು ಓಡಾಡ್ತಿದ್ರಿ. ಆಗ ಇನ್ನೂ ಚೆನ್ನಾಗಿ ಗೊತ್ತಾಗ್ತಿತ್ತು." ಅವನ ದನಿ ತಗ್ಗಿತು. "ಆದ್ರೂ ಹೇಳ್ಬೇಕಿತ್ತು. ತಪ್ಪಾಯ್ತು. ನಿಮ್ಮನ್ನ ನೋಡ್ದೆ ಇರೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು. ಪತ್ರವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದಳು.

"ಈಗ ನನ್ನ ಮುಖದಲ್ಲಿ ಏನಿದೆ, ಓದಿ ನೋಡೋಣ."

ಅವನು ನೋಡಿದ. ಮೂರು ವಾರದ ಬಾಕಿಯೆಲ್ಲ ತೀರುವಷ್ಟು ಹೊತ್ತು ನೋಡಿದ.

"ಭಾನುವಾರ ನಿಮ್ಮಮ್ಮ ಮನೇಲಿರ್ತಾರಾ?"

"ಇರ್ತಾರೆ..." ಅವಳು ನಕ್ಕಳು. "ಅಲ್ಲಿಗೆ ಗ್ಲೌಸ್ ಬೇಡ, ಹಾಗೇ ಬನ್ನಿ."